ನೇಗಿಲ ಗುಳದ ಚೂರು

ಕಾನ್ಪುರ
೧೨ ಜೂನ್ ೧೯೫೫

ಕೆಂಚಪ್ಪನಿಗೆ ಗಂಗಾಧರಯ್ಯನ ಆಶೀರ್ವಾದ.

ನನ್ನ ಕಾಗದ ಕಂಡ ಕೂಡಲೇ ರಾಜಾಜಿನಗರದ ಮನೆಯ ತಾರಸಿ ಮತ್ತೆ ಸೋರುತ್ತಿದೆ ಎಂದು ಹಣೆ ಚಚ್ಚಿಕೊಳ್ಳಬೇಡ. ಅದನ್ನು ನೀನೇ ನಿಂತು ಸರಿಮಾಡಿಸಿದೆ ಎಂದು ನನ್ನಾಕೆ ಜಯದೇವಿ ಬರೆದಿದ್ದಾಳೆ. ಅತ್ತಿಗುಪ್ಪೆಯಿಂದ ಅಷ್ಟು ದೂರ ಸೈಕಲ್ ತುಳಿದು ಹೋಗಿ ನನ್ನ ಮನೆ ನೋಡಿಕೊಳ್ಳುತ್ತೀಯಲ್ಲ, ಯಾವ ಜನ್ಮದ ಋಣವೋ.

ಈ ಕಾಗದ ಬೇರೆ ವಿಷಯಕ್ಕೆ. ನಮ್ಮ ಸ್ಕ್ವಾಡ್ರನ್ನಿನ ಆಫೀಸು ನೋಡಿಕೊಳ್ಳುತ್ತಿದ್ದ ವಿಟ್ಲಿ ಸಾಹೇಬ ನೆನಪಿರಬೇಕು, ಸದಾ ಪೈಪು ಕಚ್ಚಿಕೊಂಡು ಅದನ್ನು ಹಚ್ಚುವುದನ್ನೇ ಮರೆಯುತ್ತಿದ್ದನಲ್ಲ, ಅವನು. ಈಗ ಇಂಗ್ಲೆಂಡಿನಲ್ಲಿ ಕುಳಿತು ನಮ್ಮ ಬಾಂಬರ್ ಸ್ಕ್ವಾಡ್ರನ್ನಿನ ಯುದ್ಧಕಾಲದ ಚರಿತ್ರೆ ಬರೆಯುತ್ತಿದ್ದಾನಂತೆ. ಹಾರಿದವರ ವಿಷಯ ಅವನಲ್ಲಿ ಕಂತೆಗಟ್ಟಲೆ ಇದೆ. ನೆಲದ ಮೇಲೆ ಬೆವರು ಸುರಿಸಿದವರ ವಿಷಯ ಒಂದು ಹಾಳೆಯೂ ಇಲ್ಲ. "ನೀವು ಇಂಡಿಯನ್ನರು ನೆನಪಿದ್ದನ್ನು ಬರೆದು ಕಳಿಸಿ" ಎಂದು ಕೇಳಿದ್ದಾನೆ. ಉಪಕರಣ ವಿಭಾಗದ ಕಾರ್ಪೊರಲ್ ಆಗಿದ್ದ ನನಗೆ ನೆನಪಿರುವುದೆಲ್ಲ ಗಡಿಯಾರ, ಮುಳ್ಳು, ಸ್ಕ್ರೂ. ವಿಮಾನದ ಒಳಗೂ ಹೊರಗೂ ತೊಳೆದು ಒರೆಸುತ್ತಿದ್ದ ನಿನಗೆ ಮನುಷ್ಯರ ನೆನಪಿರುತ್ತದೆ. ನೀನು ಕನ್ನಡದಲ್ಲಿ ಬರೆ, ನಾನು ಇಂಗ್ಲಿಷಿಗೆ ಮಾಡಿ ಕಳಿಸುತ್ತೇನೆ.

'ಕೆ ಕಿಂಗ್' ವಿಮಾನದ ವಿಷಯ ಮಾತ್ರ ಬೇಡ. ಹವೆ ಕೆಟ್ಟು ಹಿಂದಿರುಗಲಿಲ್ಲ ಎಂದು ವರದಿಯಲ್ಲೇ ಇದೆ. ಅಷ್ಟು ಸಾಕು.

ನಿನ್ನ ತಾಯಿ ಬೋರಮ್ಮನವರ ಮಂಡಿನೋವು ಹೇಗಿದೆ? ಲಿಂಗಮ್ಮನನ್ನು ಕೇಳಿದೆನೆಂದು ಹೇಳು.

ಗಂಗಾಧರಯ್ಯ


ಅತ್ತಿಗುಪ್ಪೆ
೩ ಜುಲೈ ೧೯೫೫

ಅಯ್ಯನವರ ಪಾದಕ್ಕೆ ಕೆಂಚಪ್ಪನ ನಮಸ್ಕಾರಗಳು.

ನನ್ನಂಥವನ ಮಾತು ಪುಸ್ತಕದಲ್ಲಿ ಬರುತ್ತದೆ ಎಂದರೆ ಅಮ್ಮ ನಂಬಲೇ ಇಲ್ಲ. "ಇಮಾನ ಒರ್ಸಿದ್ದನ್ನೂ ಬರೀತಾರೇನ್ಲಾ" ಎಂದು ನಕ್ಕಳು. ಮಗಳು ಲಿಂಗಮ್ಮ ಕೆಂಗೇರಿಯ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಈಗ ಗರ್ಭಿಣಿ ಎಂದು ಹೇಳಿಕಳಿಸಿದ್ದಾರೆ.

ನೆನಪು ಎಂದರೆ ಏನು ಬರೆಯಲಿ? ಬಂಗಾಳದ ಆ ಮಳೆ ಬರೆಯಲೇ? ನಮ್ಮ ಬ್ಯಾರಕ್ಕಿನೊಳಗೆ ಕಪ್ಪೆಗಳು ನಮಗಿಂತ ಮೊದಲು ಹಾಜರಿ ಹಾಕುತ್ತಿದ್ದವು. ಆ ವಿಮಾನಗಳು ಎಷ್ಟು ದೊಡ್ಡವು ಎಂದರೆ ನಮ್ಮೂರ ಕಣದಲ್ಲಿ ಒಂದನ್ನು ನಿಲ್ಲಿಸಿದರೆ ರಾಗಿ ತುಳಿಸಲು ಜಾಗ ಉಳಿಯುತ್ತಿರಲಿಲ್ಲ. ನಾಲ್ಕು ಎಂಜಿನ್, ಹತ್ತು ಜನ. ಸಂಜೆ ಹೊರಟರೆ ಸಮುದ್ರ ದಾಟಿ ಬರ್ಮಾದ ರೈಲುದಾರಿಗೆ ಬಾಂಬು ಹಾಕಿ ಬೆಳಿಗ್ಗೆ ನಾವು ಹಲ್ಲುಜ್ಜುವ ಹೊತ್ತಿಗೆ ಬರುತ್ತಿದ್ದವು. ನಾವು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಎಣಿಸುತ್ತಿದ್ದೆವು. ಹೋದಷ್ಟೂ ಬಂದರೆ ಆ ದಿನದ ಚಹಾಕ್ಕೆ ರುಚಿ.

ನೀವು ಬೇಡ ಎಂದರೂ ಕೆ ಕಿಂಗನ್ನು ಬಿಟ್ಟು ನಾನು ಹೇಗೆ ಬರೆಯಲಿ ಅಯ್ಯನವರೇ? ನಾನು ಒರೆಸುತ್ತಿದ್ದದ್ದೇ ಆ ವಿಮಾನವನ್ನು. ಅದರ ಪೈಲಟ್ ಪ್ರಿಂಗಲ್ ಸಾಹೇಬರಿಗೆ ಇಪ್ಪತ್ಮೂರು ವರ್ಷ. ನಾನು ತಿನ್ನುತ್ತಿದ್ದ ಹುರಿಹಿಟ್ಟನ್ನು ಕೇಳಿ ತಿಂದು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದರು. ಆಮೇಲೆ ಕಂಡಾಗಲೆಲ್ಲ ಗಂಟಲು ಹಿಡಿದುಕೊಂಡು ಸಾಯುವವರ ಹಾಗೆ ನಟಿಸಿ ನಗಿಸುತ್ತಿದ್ದರು. ಅವರ ಜಾಗದ ಗಾಜು ಒರೆಸುವಾಗ ನನ್ನ ಮಗನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದೆ. ನನಗೆ ಮಗನಿಲ್ಲ, ಆ ಮಾತು ಬೇರೆ.

ಇದನ್ನು ಹಾಕಿಸಿ. ನಿಮ್ಮ ಮನೆಯ ಹಿತ್ತಿಲಲ್ಲಿ ನುಗ್ಗೆ ಕಡ್ಡಿ ನೆಟ್ಟಿದ್ದೇನೆ.

ಕೆಂಚಪ್ಪ


ಅತ್ತಿಗುಪ್ಪೆ
೨೮ ಆಗಸ್ಟ್ ೧೯೫೫

ಅಯ್ಯನವರಿಗೆ ನಮಸ್ಕಾರ.

ಹತ್ತು ದಿನದಿಂದ ಅನ್ನ ಸೇರುತ್ತಿಲ್ಲ. ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ನಮ್ಮ ಹೊಲಗಳ ಕಡೆ ಮುಂದೆ ಬಡಾವಣೆ ಬರುತ್ತದಂತೆ, ಸರ್ವೆ ಮಾಡಲು ಬಂದಿದ್ದಾರೆ. ಸೇತುರಾಮ ಎಂಬ ಸರ್ವೆಯರು ನಮ್ಮ ಬದುವಿನ ಮೇಲೆ ಮೂರು ಕಾಲಿನ ಕೋಲು ನಿಲ್ಲಿಸಿ ಅದರ ಮೇಲೆ ದಿಕ್ಸೂಚಿ ಇಟ್ಟು ನೋಡುತ್ತಿದ್ದರು. ನಾನು ಹುಲ್ಲು ಕೊಯ್ಯುತ್ತಿದ್ದವನು ಹತ್ತಿರ ಹೋಗಿ ಬಗ್ಗಿದೆ.

"ಯಜಮಾನ್ರೇ, ಆ ಕುಡ್ಗೋಲು ಅತ್ಲಾಗಿಟ್ಟು ಬನ್ನಿ. ನೋಡಿ, ಮುಳ್ಳು ನಿಮ್ ಕಡೆ ತಿರುಗ್ತಾ ಇದೆ" ಎಂದರು.

ನಾನು ಕುಡುಗೋಲನ್ನು ಹತ್ತಿರ ತಂದೆ, ದೂರ ಒಯ್ದೆ. ಮುಳ್ಳು ಅದರ ಹಿಂದೆಯೇ ಬಂತು. "ಕಬ್ಬಿಣ ಇದ್ರೆ ಇಮಾನದಲ್ಲೂ ಹಿಂಗೇ ಆಯ್ತದಾ ಸಾರ್?" ಎಂದು ಕೇಳಿದೆ. "ಎಲ್ಲಾದ್ರೂ ಅಷ್ಟೇ ಕಣ್ರೀ" ಎಂದರು. ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ.

ನಿಮಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನಮ್ಮಲ್ಲಿ ಬಾಣಂತಿಯ ತಲೆದೆಸೆಯಲ್ಲಿ, ಎಳೆಮಗುವಿನ ಹಾಸಿಗೆ ಕೆಳಗೆ ಕಬ್ಬಿಣ ಇಡುತ್ತೇವಲ್ಲ, ಏನೂ ಸೋಕದಿರಲಿ ಎಂದು. ನಾನು ಪಟ್ಟಾಳಕ್ಕೆ ಸೇರಿ ಹೊರಟಾಗ ಅಮ್ಮ ನಮ್ಮ ನೇಗಿಲ ಮುರಿದ ಗುಳದ ಒಂದು ಚೂರನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ನನ್ನ ಪೆಟ್ಟಿಗೆಗೆ ಹಾಕಿದ್ದಳು. ನಲವತ್ತನಾಲ್ಕರ ಆಯುಧಪೂಜೆಯ ದಿನ ನಾನು ಯಾರಿಗೂ ಕಾಣದ ಹಾಗೆ ಕೆ ಕಿಂಗಿಗೆ ಕುಂಕುಮ ಇಟ್ಟು, ಆ ಚೂರನ್ನು ಪ್ರಿಂಗಲ್ ಸಾಹೇಬರ ಎದುರಿನ ಗಡಿಯಾರಗಳ ಹಲಗೆಯ ಹಿಂದೆ ಸಿಕ್ಕಿಸಿದೆ. ನೆಲದ ಮೇಲಿರುವ ನನಗೇಕೆ, ಅವರನ್ನು ಕಾಯಲಿ ಎಂದುಕೊಂಡೆ. ದೀಪಾವಳಿಗೆ ಹೊಸದಾಗಿ ಅರಿಶಿನವನ್ನೂ ಹಚ್ಚಿದೆ. ಅದಾಗಿ ನಾಲ್ಕನೇ ದಿನ ಹೋದವರು ಬರಲಿಲ್ಲ.

ಅವರ ದಿಕ್ಸೂಚಿ ಅಲ್ಲೇ, ಆ ಹಲಗೆಯ ಮೇಲೇ ಇತ್ತು. ಹವೆ ಕೆಟ್ಟಿತ್ತು ಎಂದರು, ನಾನೂ ನಂಬಿದೆ. ಹತ್ತು ಜನರನ್ನು ನಾನು ಕೊಂದೆನೇ ಅಯ್ಯನವರೇ? ಉಪಕರಣ ಬಲ್ಲವರು ನೀವು. ಹೌದಾದರೆ ಹೌದೆನ್ನಿ, ಇಲ್ಲವಾದರೆ ಇಲ್ಲವೆನ್ನಿ. ಬೇಗ ಬರೆಯಿರಿ.

ಕೆಂಚಪ್ಪ


ಕಾನ್ಪುರ
೪ ಅಕ್ಟೋಬರ್ ೧೯೫೫

ಕೆಂಚಪ್ಪನಿಗೆ,

ನಿನ್ನ ಕಾಗದ ಸಕಾಲಕ್ಕೆ ತಲುಪಿತು. ಕೆಲಸದ ಒತ್ತಡದಿಂದ ಉತ್ತರ ತಡವಾಯಿತು.

ವಿಮಾನ ಕಾಣೆಯಾದ ಬಗ್ಗೆ ಅಂದೇ ವಿಚಾರಣೆ ನಡೆದು ಹವಾಮಾನವೇ ಕಾರಣವೆಂದು ತೀರ್ಮಾನವಾಗಿದೆ. ಆ ತೀರ್ಮಾನವನ್ನು ಪ್ರಶ್ನಿಸುವುದು ನಿನ್ನ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ನೀನು ಬರೆದಂಥ ವಿಷಯವನ್ನು ಕಾಗದದ ಮೇಲೆ ಬರೆಯುವುದು ವಿವೇಕವಲ್ಲ. ನಿನ್ನ ಕಾಗದವನ್ನು ಹರಿದಿದ್ದೇನೆ. ಇದನ್ನು ನೀನೂ ಹರಿದುಬಿಡು. ವಿಟ್ಲಿಗೆ ನಿನ್ನ ಮಳೆ, ಕಪ್ಪೆ, ಹುರಿಹಿಟ್ಟಿನ ವಿಷಯ ಕಳಿಸಿದ್ದೇನೆ, ಅದೇ ಸಾಕು.

ಆಯುಧಪೂಜೆಯ ದಿನ ಎಂದು ಬರೆದಿದ್ದೀಯೆ. ಅದು ನಿನಗೆ ಖಚಿತವಾಗಿ ನೆನಪಿದೆಯೇ? ದೀಪಾವಳಿಗೆ ಇಟ್ಟಿದ್ದಿರಬಹುದಲ್ಲವೇ? ಮರೆವು ಯಾರಿಗೂ ತಪ್ಪಿದ್ದಲ್ಲ.

ಗಂಗಾಧರಯ್ಯ


ಅತ್ತಿಗುಪ್ಪೆ
೩೦ ಅಕ್ಟೋಬರ್ ೧೯೫೫

ಅಯ್ಯನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದೆ. ನೀವು 'ಇಲ್ಲ' ಎಂದು ಬರೆದಿಲ್ಲ. ಇಲ್ಲವೆನ್ನಬಹುದಾಗಿದ್ದರೆ ನನಗಾಗಿ ನೀವು ಮೊದಲ ಸಾಲಿನಲ್ಲೇ ಅನ್ನುತ್ತಿದ್ದಿರಿ. ನನ್ನ ಮುಖ ನೋಡಲು ನಿಮಗೆ ಹೇಸಿಗೆ ಆಗಿದೆ ಎಂದು ತಿಳಿಯಿತು. ಅದು ತಪ್ಪಲ್ಲ.

ದಿನ ಮರೆತಿಲ್ಲ, ಆಯುಧಪೂಜೆಯೇ. ಎರಡು ದಿನ ಬಿಟ್ಟು ನೀವೆಲ್ಲ ಸೇರಿ ಕೆ ಕಿಂಗನ್ನು ಬಯಲಿಗೆ ಎಳೆಸಿ, ಎಂಟು ದಿಕ್ಕಿಗೆ ತಿರುಗಿಸಿ ತಿರುಗಿಸಿ ನಿಲ್ಲಿಸಿ ಏನೋ ಗುರುತು ಹಾಕಿಕೊಂಡಿರಲ್ಲ, ಅಂದು ಆ ಬಾಲದ ಕಡೆ ತಳ್ಳಿದವರಲ್ಲಿ ನಾನೂ ಒಬ್ಬ. ನನ್ನ ಚೂರು ಒಳಗಿದೆ, ಯಾರಿಗೂ ಕಾಣದಿದ್ದರೆ ಸಾಕು ಎಂದು ತಳ್ಳುತ್ತಲೇ ದೇವರನ್ನು ಬೇಡಿಕೊಳ್ಳುತ್ತಿದ್ದೆ.

ಈ ವರ್ಷ ನಾನು ಆಯುಧಪೂಜೆ ಮಾಡಲಿಲ್ಲ. ನೇಗಿಲು, ಕುಡುಗೋಲು ಯಾವುದಕ್ಕೂ ಕುಂಕುಮ ಇಡಗೊಡಲಿಲ್ಲ. ಲಿಂಗಮ್ಮ ಸಂಕ್ರಾಂತಿ ಕಳೆದು ಹೆರಿಗೆಗೆ ಬರುತ್ತಾಳೆ. ಅವಳ ತಲೆದೆಸೆಗೆ ಕಬ್ಬಿಣ ಇಡುವುದು ಬೇಡ ಎಂದೂ ಹೇಳಿಬಿಟ್ಟೆ. ಅಮ್ಮ ಜಗಳಕ್ಕೆ ನಿಂತಳು. ಕೊನೆಗೆ ಅವಳಿಗೆ ಎಲ್ಲ ಹೇಳಬೇಕಾಯಿತು. ಅಮ್ಮ ಕೇಳಿದಳು.

"ಹತ್ತು ಜನ ಅಂದಲ್ಲ, ಅವ್ರು ಬಾಂಬು ಹಾಕ್ತಿದ್ರಲ್ಲ, ಅಲ್ಲಿ ಕೆಳಗಿದ್ದೋರು ಎಷ್ಟ್ ಜನ್ವೋ?"

"ಗೊತ್ತಿಲ್ಲ ಕಣಮ್ಮ. ಅದ್ನ ಯಾರೂ ಎಣಿಸ್ತಿರ್ಲಿಲ್ಲ."

"ನಾನು ಕಬ್ಣ ಕೊಟ್ಟಿದ್ದು ನಿನ್ನ ಕಾಯ್ಲಿ ಅಂತ. ಆ ಇಮಾನಕ್ಕೆ ಕಟ್ಟೋಕಲ್ಲ" ಎಂದು ಎದ್ದು ಹೋದಳು. ಅಂದಿನಿಂದ ನನ್ನೊಡನೆ ಸರಿಯಾಗಿ ಮಾತಿಲ್ಲ.

ಒಂದೇ ಒಂದು ಉಪಕಾರ ಬೇಡುತ್ತೇನೆ. ಪ್ರಿಂಗಲ್ ಸಾಹೇಬರ ತಾಯಿ ಬದುಕಿದ್ದರೆ ಅವರಿಗೆ ಈ ಕೆಳಗಿನದನ್ನು ಇಂಗ್ಲಿಷಿನಲ್ಲಿ ಬರೆದು, ವಿಟ್ಲಿ ಸಾಹೇಬರಿಂದ ವಿಳಾಸ ಪಡೆದು ಕಳಿಸಿ. ನನ್ನ ಊರು, ಹೆಸರು ಎಲ್ಲ ಇರಲಿ. ಯಾವ ಶಿಕ್ಷೆ ಬಂದರೂ ನಾನಿದ್ದೇನೆ.

"ತಾಯಿ, ನಾನು ನಿಮ್ಮ ಮಗನ ವಿಮಾನ ಒರೆಸುತ್ತಿದ್ದ ಕೆಂಚಪ್ಪ. ನಿಮ್ಮ ಮಗನಿಗೆ ಕೇಡಾಗದಿರಲಿ ಎಂದು ಒಂದು ಕಬ್ಬಿಣದ ಚೂರನ್ನು ಅವರ ಮುಂದೆ ಇಟ್ಟೆ. ಅದು ದಿಕ್ಸೂಚಿಯನ್ನು ಎಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದರಿಂದಲೇ ಅವರು ದಾರಿ ತಪ್ಪಿದರು. ಹವೆ ಎಂದು ನಿಮಗೆ ಹೇಳಿದ್ದು ಸುಳ್ಳು. ನೀವು ಬೈದು ಒಂದು ಸಾಲು ಬರೆದರೂ ತಲೆಯ ಮೇಲೆ ಇಟ್ಟುಕೊಳ್ಳುತ್ತೇನೆ."

ಇಷ್ಟೇ. ಏನೂ ಸೇರಿಸಬೇಡಿ.

ಕೆಂಚಪ್ಪ


ಕಾನ್ಪುರ
೨೦ ನವೆಂಬರ್ ೧೯೫೫

ಕೆಂಚಪ್ಪನಿಗೆ ಆಶೀರ್ವಾದ.

ನೀನು ಬರೆದದ್ದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದ್ದೇನೆ. ಇನ್ನು ಆ ಯೋಚನೆ ಬಿಟ್ಟು ಊಟ ಮಾಡು. ಲಿಂಗಮ್ಮನ ವಿಷಯದಲ್ಲಿ ಬೋರಮ್ಮನವರು ಹೇಳಿದಂತೆ ಕೇಳು. ನನಗೆ ನಿನ್ನ ಮೇಲೆ ಹೇಸಿಗೆ ಇಲ್ಲ. ಖಂಡಿತ ಇಲ್ಲ.

ಗಂಗಾಧರಯ್ಯ


ಕಾನ್ಪುರ
೧೦ ಜನವರಿ ೧೯೫೬

ಪ್ರಿಯ ಕೆಂಚಪ್ಪನಿಗೆ ಆಶೀರ್ವಾದ.

ಪ್ರಿಂಗಲ್ ಸಾಹೇಬರ ತಾಯಿಯಿಂದ ಉತ್ತರ ಬಂದಿದೆ. ಮೂಲ ಕಾಗದವನ್ನು ವಿಟ್ಲಿ ತನ್ನ ಕಡತಕ್ಕೆ ಇಟ್ಟುಕೊಂಡಿದ್ದಾನೆ. ಅವನು ಕಳಿಸಿದ ನಕಲನ್ನು ಕನ್ನಡಕ್ಕೆ ಮಾಡಿದ್ದೇನೆ.

"ಪ್ರಿಯ ಕೆಂಚಪ್ಪನವರೇ, ನಿಮ್ಮ ಪತ್ರ ಬಂದ ದಿನ ಇಲ್ಲಿ ಹಿಮ ಬೀಳುತ್ತಿತ್ತು. ಅದನ್ನು ಕಿಟಕಿಯ ಬಳಿ ಕುಳಿತು ಓದಿದೆ. ನನ್ನ ಮಗ ಒಂದು ಕಾಗದದಲ್ಲಿ ನಿಮ್ಮ ಹೆಸರನ್ನು ಬರೆದಿದ್ದ. ತನ್ನ ಗಂಟಲಿಗೆ ಹಿಟ್ಟು ಸಿಕ್ಕಿದ ಕಥೆಯನ್ನೂ ಬರೆದಿದ್ದ. ದೂರದ ನಾಡಿನಲ್ಲಿ ಅವನ ಒಳಿತನ್ನು ಬಯಸಿದ ಒಂದು ಜೀವ ಇತ್ತು ಎಂಬುದೇ ನನಗೆ ಸಮಾಧಾನ. ಪ್ರೀತಿಯಿಂದ ಮಾಡಿದ್ದಕ್ಕೆ ಪಾಪ ಅಂಟುವುದಿಲ್ಲ. ನಿಮ್ಮ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆ ಕಬ್ಬಿಣದ ಚೂರು ಹೇಗಿತ್ತೋ, ಅಂಥದ್ದನ್ನು ಒಮ್ಮೆ ಕಣ್ಣಾರೆ ನೋಡುವ ಆಸೆ ಮಾತ್ರ ಇದೆ."

ಇನ್ನಾದರೂ ನೆಮ್ಮದಿಯಾಗಿರು.

ಗಂಗಾಧರಯ್ಯ


ಅತ್ತಿಗುಪ್ಪೆ
೨ ಫೆಬ್ರವರಿ ೧೯೫೬

ಅಯ್ಯನವರ ಪಾದಗಳಿಗೆ ಸಾಷ್ಟಾಂಗ.

ಆ ತಾಯಿಯ ಮಾತನ್ನು ಹೊಲದಲ್ಲಿ ಒಬ್ಬನೇ ಕುಳಿತು ಓದಿದೆ. ಸಾಹೇಬರು ನನ್ನ ಹೆಸರನ್ನು ಬರೆದಿದ್ದರಂತೆ! ಎತ್ತುಗಳು ನೋಡುತ್ತಿದ್ದರೂ ನಾಚಿಕೆ ಬಿಟ್ಟು ಗಳಗಳ ಅತ್ತೆ. ಸಂಜೆ ಅಮ್ಮನಿಗೆ ಓದಿ ಹೇಳಿದೆ. "ಹೆತ್ತೋಳು ಅಂದ್ರೆ ಅವ್ಳೇ ಕಣ್ಲಾ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಂದು ಅಮ್ಮ ನನಗೆ ತಾನೇ ಮುದ್ದೆ ಹಾಕಿದಳು. ಮೂರು ತಿಂಗಳ ಮೇಲೆ.

ಮಾರನೆಯ ದಿನ ರಾಜಾಜಿನಗರಕ್ಕೆ ಹೋಗಿ ಜಯದೇವಮ್ಮನವರಿಗೂ ಓದಿದೆ. ಅವರು ಕೇಳಿ, "ಇಂಗ್ಲಿಷ್ ಅಮ್ಮನೂ ನಮ್ಮನೆಯವರ ಥರಾನೇ ಬರೀತಾರಲ್ಲ ಕೆಂಚಪ್ಪ" ಎಂದರು. "ಅಯ್ನೋರೇ ಅಲ್ವರಾ ಕನ್ನಡ ಮಾಡಿರೋದು, ಇನ್ನೆಂಗಿರ್ತದೆ" ಎಂದು ನಾನು ನಕ್ಕೆ. ಅವರು ನಗಲಿಲ್ಲ, ಕಾಫಿ ತರಲು ಒಳಗೆ ಹೋದರು. ನುಗ್ಗೆ ಚಿಗುರಿದೆ.

ಆ ತಾಯಿ ಚೂರನ್ನು ನೋಡಬೇಕು ಎಂದಿದ್ದಾರಲ್ಲ. ಅದು ವಿಮಾನದ ಜೊತೆ ಸಮುದ್ರ ಸೇರಿತು. ಆದರೆ ಆ ಗುಳದ ಇನ್ನೊಂದು ತುಂಡನ್ನು ಅಮ್ಮ ಅಟ್ಟದ ಮೇಲೆ ಇಟ್ಟಿದ್ದಳು. ಮುರಿದಾಗ ಎರಡಾಗಿದ್ದದ್ದು. ಅದನ್ನು ಅಮ್ಮನೇ ತೊಳೆದು, ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಾಳೆ. ರಿಜಿಸ್ಟರ್ ಪಾರ್ಸಲ್ ಮಾಡಿದ್ದೇನೆ. ಆ ತಾಯಿಗೆ ತಲುಪಿಸಿ. ಚರಿತ್ರೆಯ ಪುಸ್ತಕದಲ್ಲೂ ನನ್ನ ತಪ್ಪನ್ನು ಬರೆಯಲಿ ಎಂದು ವಿಟ್ಲಿ ಸಾಹೇಬರಿಗೆ ಹೇಳಿ. ಇನ್ನು ನನಗೆ ಮುಚ್ಚಿಡುವ ಆಸೆಯಿಲ್ಲ. ಹೆತ್ತವಳೇ ಕ್ಷಮಿಸಿದ ಮೇಲೆ ಯಾರ ಭಯ?

ಲಿಂಗಮ್ಮ ಬಂದಿದ್ದಾಳೆ. ಮುಂದಿನ ತಿಂಗಳು ದಿನ ತುಂಬುತ್ತದೆ.

ಕೆಂಚಪ್ಪ


ಕಾನ್ಪುರ
೨೫ ಫೆಬ್ರವರಿ ೧೯೫೬

ಕೆಂಚಪ್ಪನವರಿಗೆ,

ಇಷ್ಟು ವರ್ಷ ನೀನು ಎಂದು ಬರೆಯುತ್ತಿದ್ದವನು ಈಗ ಬಹುವಚನಕ್ಕೆ ಬಂದೆನೆಂದು ಆಶ್ಚರ್ಯಪಡಬೇಡಿ. ಇದನ್ನು ಓದಿದ ಮೇಲೆ ನೀವು ನನ್ನನ್ನು ಹೇಗೆ ಬೇಕಾದರೂ ಕರೆಯಬಹುದು.

ಪಾರ್ಸಲ್ ಬಂತು. ಬೋರಮ್ಮನವರು ಸುತ್ತಿದ ಬಟ್ಟೆ ಬಿಚ್ಚಿದೆ. ನನ್ನ ಟ್ರಂಕಿನ ತಳದಿಂದ ಇನ್ನೊಂದು ಬಟ್ಟೆಯ ಗಂಟನ್ನು ತೆಗೆದೆ. ಎರಡು ಚೂರುಗಳನ್ನೂ ಮೇಜಿನ ಮೇಲಿಟ್ಟು ಅಂಚಿಗೆ ಅಂಚು ಕೂಡಿಸಿದೆ. ಕೂದಲೆಳೆಯ ಸಂದೂ ಇಲ್ಲದೆ ಕೂಡಿಕೊಂಡವು.

ನಿಮ್ಮ ಚೂರು ಸಮುದ್ರ ಸೇರಲಿಲ್ಲ. ಕೆ ಕಿಂಗ್ ಕೊನೆಯ ಸಲ ಹೊರಟ ದಿನ ಮಧ್ಯಾಹ್ನ ನಾನೇ ಅದನ್ನು ತೆಗೆದೆ. ಸಂಜೆಯೊಳಗೆ ತಪಾಸಣೆಗೆ ದೊಡ್ಡ ಅಧಿಕಾರಿ ಬರುತ್ತಾನೆ ಎಂದು ಸುದ್ದಿಯಿತ್ತು. ಹಲಗೆಯ ಹಿಂದೆ ಕೈ ಹಾಕಿದಾಗ ಅರಿಶಿನದ ಬಟ್ಟೆ ಸಿಕ್ಕಿತು. ಇಡೀ ಠಾಣ್ಯದಲ್ಲಿ ಅಂಥ ಕೆಲಸ ಮಾಡುವವರು ನೀವೊಬ್ಬರೇ. ಸಿಕ್ಕಿಬಿದ್ದರೆ ನಿಮ್ಮನ್ನು ಜೈಲಿಗೆ ಹಾಕುತ್ತಿದ್ದರು. ಜೇಬಿಗೆ ಹಾಕಿಕೊಂಡು ಇಳಿದುಬಿಟ್ಟೆ.

ವಿಮಾನವನ್ನು ಎಂಟು ದಿಕ್ಕಿಗೆ ತಿರುಗಿಸಿ ಗುರುತು ಹಾಕಿದ್ದನ್ನು ನೀವೇ ನೆನಪಿಸಿದಿರಿ. ಅದು ಏಕೆ ಎಂದು ಈಗ ಹೇಳುತ್ತೇನೆ. ವಿಮಾನದಲ್ಲಿರುವ ಕಬ್ಬಿಣವೆಲ್ಲ ಮುಳ್ಳನ್ನು ಅಷ್ಟೋ ಇಷ್ಟೋ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂದು ಅಳೆದು, ಸರಿಪಡಿಸಿ, ಉಳಿದ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಪೈಲಟ್‌ನ ಮುಂದೆ ಅಂಟಿಸುತ್ತೇವೆ. ಅಂದು ನಿಮ್ಮ ಚೂರು ಒಳಗೇ ಇತ್ತು. ಆದ್ದರಿಂದ ಅದರ ಎಳೆತವೂ ನಮ್ಮ ಲೆಕ್ಕಕ್ಕೆ ಸೇರಿಹೋಯಿತು. ಅದು ಅಲ್ಲೇ ಇದ್ದಷ್ಟು ದಿನ ದಿಕ್ಸೂಚಿ ಸರಿಯಾಗಿತ್ತು. ಮೂರು ಸಲ ಹೋಗಿ ಮೂರು ಸಲವೂ ಬಂದರಲ್ಲ, ನೆನಪು ಮಾಡಿಕೊಳ್ಳಿ. ಅದನ್ನು ತೆಗೆದ ಕ್ಷಣದಿಂದ ಚೀಟಿ ಸುಳ್ಳಾಯಿತು.

ಕಬ್ಬಿಣ ಸೇರಿಸಿದರೂ ತೆಗೆದರೂ ಮತ್ತೆ ತಿರುಗಿಸಿ ಅಳೆಯಬೇಕು ಎಂಬುದು ನನ್ನ ವಿದ್ಯೆಯ ಮೊದಲ ಪಾಠ. ಅರಿಶಿನ ಮಾಸದೆ ಹೊಸದಾಗಿತ್ತು. ಈಚೆಗೆ ದೀಪಾವಳಿಗೆ ಇಟ್ಟದ್ದು, ಅಳತೆಯಾದ ಮೇಲಿನದು, ತೆಗೆದರೆ ಮೊದಲಿದ್ದಂತೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಅಳೆಯಬೇಕು ಎಂದರೆ ಕಾರಣ ಹೇಳಬೇಕು, ನಿಮ್ಮ ಹೆಸರು ಬರುತ್ತದೆ, ಹಾರಾಟ ನಿಲ್ಲುತ್ತದೆ. 'ಎಲ್ಲ ಸರಿಯಿದೆ' ಎಂದು ರುಜು ಮಾಡಿದೆ. ಬಾಲದ ಕಡೆಯ ದೊಡ್ಡ ದಿಕ್ಸೂಚಿ ಆ ವಾರ ಕೈಕೊಡುತ್ತಿತ್ತು, ಅವರು ಮುಂದಿನದನ್ನೇ ನಂಬಿ ಹೋಗುತ್ತಿದ್ದರು. ಅದೂ ನನಗೆ ಗೊತ್ತಿತ್ತು.

ಮುಂಜಾವಿನಲ್ಲಿ ಬಂದ ಕೊನೆಯ ಸಂದೇಶವನ್ನು ನಾನು ದಾಖಲೆಯಲ್ಲಿ ಓದಿದ್ದೇನೆ. "ಮೋಡ. ದಡ ಕಾಣಬೇಕಿತ್ತು, ಕಾಣುತ್ತಿಲ್ಲ. ಪೆಟ್ರೋಲು ನಲವತ್ತು ನಿಮಿಷಕ್ಕೆ." ಸಾವಿರ ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಹದಿನೇಳು ಮೈಲಿ ಪಕ್ಕಕ್ಕೆ ಹೋಗುತ್ತದೆ. ಹವೆಯೂ ಕೆಟ್ಟಿತ್ತು, ಅದು ಸುಳ್ಳಲ್ಲ. ಯಾವುದು ಎಷ್ಟು ಎಂದು ದೇವರೇ ಹೇಳಬೇಕು. ಹನ್ನೊಂದು ವರ್ಷ ನಾನು ಹವೆಯನ್ನು ಹಿಡಿದುಕೊಂಡು ಬದುಕಿದೆ. ಆಯುಧಪೂಜೆ ಎಂದು ನೀವು ಬರೆದ ದಿನ ಅದೂ ಕೈಬಿಟ್ಟಿತು.

ಅಂದೇ ಹೇಳಬೇಕಿತ್ತು. ನೀವು 'ನಾನು ಕೊಂದೆನೇ' ಎಂದು ಕೇಳಿದಿರಿ. 'ಇಲ್ಲ' ಎಂದರೆ 'ಮತ್ತಾರು' ಎಂಬ ಪ್ರಶ್ನೆ ಬರುತ್ತಿತ್ತು. ಪಿಂಚಣಿ, ಮರ್ಯಾದೆ, ಮನೆ, ಜಯದೇವಿಯ ಮುಖ ಎಲ್ಲ ನೆನಪಾಗಿ ಬಾಯಿ ಕಟ್ಟಿತು. ನಿಮ್ಮ ಕಾಗದ ಹರಿದೆ ಎಂದದ್ದೂ ಸುಳ್ಳು, ಇಲ್ಲೇ ಇದೆ.

ಇನ್ನೂ ಹೀನವಾದದ್ದು ಉಳಿದಿದೆ. ಆ ತಾಯಿಗೆ ನಾನು ಏನೂ ಕಳಿಸಿಲ್ಲ. ಉತ್ತರವೂ ಬಂದಿಲ್ಲ. ಹಿಮ, ಕಿಟಕಿ, ಕ್ಷಮೆ ಎಲ್ಲವನ್ನೂ ಬರೆದವನು ನಾನು. ನಿಮಗೆ ಸಮಾಧಾನವಾಗಲಿ ಎಂದು ಬರೆದೆ ಎಂದುಕೊಂಡಿದ್ದೆ. ಈಗ ಓದಿದರೆ ಅದರಲ್ಲಿ ನಾನು ನನ್ನನ್ನೇ ಕ್ಷಮಿಸಿಕೊಂಡಂತೆ ಕಾಣುತ್ತದೆ.

ನೀವು ಕೊಲ್ಲಲಿಲ್ಲ ಕೆಂಚಪ್ಪ. ಲಿಂಗಮ್ಮನ ತಲೆದೆಸೆಗೆ ಕಬ್ಬಿಣ ಇಡಿ.

ಗಂಗಾಧರಯ್ಯ


ಅತ್ತಿಗುಪ್ಪೆ
೮ ಏಪ್ರಿಲ್ ೧೯೫೬

ಗಂಗಾಧರಯ್ಯನವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಹಾಗೇ ಎದ್ದುಬಿಡುತ್ತಿದ್ದೆ.

ಲಿಂಗಮ್ಮನಿಗೆ ಹೆಣ್ಣು ಮಗು ಆಯಿತು. ಇಬ್ಬರೂ ಚೆನ್ನಾಗಿದ್ದಾರೆ. ಕಬ್ಬಿಣವನ್ನು ನಾನೇ ಇಟ್ಟೆ.

ಸೇತುರಾಮರನ್ನು ಹಿಡಿದು ಕುಳ್ಳಿರಿಸಿ, ಎಂಟು ದಿಕ್ಕಿನ ಲೆಕ್ಕ ನೀವು ಹೇಳಿದಂತೆಯೇ ಹೌದೇ ಎಂದು ಕೇಳಿದೆ. ಯಾರ ವಿಷಯ ಎಂದು ಹೇಳಲಿಲ್ಲ. ಹೌದು ಎಂದರು. ನಿಮ್ಮ ಮಾತನ್ನು ಇನ್ನೊಬ್ಬರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳುವ ದಿನ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಚೂರು ತೆಗೆದದ್ದಕ್ಕೆ ನನಗೆ ಕೋಪವಿಲ್ಲ. ನಾನು ಸಾಹೇಬರನ್ನು ಉಳಿಸಲು ಇಟ್ಟೆ, ನೀವು ನನ್ನನ್ನು ಉಳಿಸಲು ತೆಗೆದಿರಿ. ನಾನು ಇಡದಿದ್ದರೆ ನೀವು ತೆಗೆಯುವುದೇ ಇರಲಿಲ್ಲ. 'ನೀವು ಕೊಲ್ಲಲಿಲ್ಲ' ಎಂದು ಬರೆದುಬಿಟ್ಟರೆ ನನ್ನ ಪಾಲು ಹೋಗುವುದಿಲ್ಲ. ಅದು ಇಬ್ಬರದೂ. ಆ ಅರ್ಧ ವರ್ಷ ನನ್ನನ್ನು ಒಬ್ಬನನ್ನೇ ಹೊರಲು ಬಿಟ್ಟಿರಲ್ಲ, ಅದನ್ನೂ ಹೇಗೋ ನುಂಗಿಕೊಂಡೇನು.

ಆದರೆ 'ನನ್ನ ಮಗ ನಿಮ್ಮ ಹೆಸರು ಬರೆದಿದ್ದ' ಎಂದು ಬರೆದಿರಿ. ನಾನು ಅದನ್ನು ಅಮ್ಮನಿಗೆ ಓದಿದೆ, ಲಿಂಗಮ್ಮನಿಗೆ ಓದಿದೆ, ಊರಿನ ಚಾವಡಿಯಲ್ಲಿ ಓದಿದೆ. ಹಿಟ್ಟಿನ ಕಥೆಯನ್ನು ನಾನೇ ನಿಮಗೆ ಬರೆದಿದ್ದೆ, ಅದನ್ನೇ ತಿರುಗಿಸಿ ನನಗೆ ಕೊಟ್ಟಿರಿ. ಎಷ್ಟು ಪ್ರಯತ್ನಪಟ್ಟರೂ ಇದೊಂದು ಗಂಟಲಿನಿಂದ ಇಳಿಯುತ್ತಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಆ ಇಂಗ್ಲಿಷ್ ತಾಯಿ ಹೇಗಿದ್ದಾಳೋ ಎಂದು ಅವಳು ಈಗಲೂ ಕೇಳುತ್ತಿರುತ್ತಾಳೆ.

ಜಯದೇವಮ್ಮನವರಿಗೆ ನಾನು ಏನೂ ಹೇಳುವುದಿಲ್ಲ. ಅದು ನಿಮ್ಮ ಕೆಲಸ. ನಿಮ್ಮ ಮನೆ ನೋಡಿಕೊಳ್ಳುವುದನ್ನೂ ಬಿಟ್ಟಿಲ್ಲ, ಮೊನ್ನೆ ನುಗ್ಗೆಗೆ ಊರುಗೋಲು ಕೊಟ್ಟು ಬಂದೆ.

ಬೇಸಿಗೆ ರಜೆಯಲ್ಲಿ ಬನ್ನಿ. ಆ ಎರಡು ಚೂರನ್ನೂ ತಂದು ಅಮ್ಮನ ಕೈಗೆ ನೀವೇ ಕೊಡಿ, ಕೊಟ್ಟು ನೀವೇ ಹೇಳಿ. ಆಮೇಲೆ ನಿಮ್ಮ ಮನೆಯ ಮೇಜಿಗೆ ಕುಳಿತು ಪ್ರಿಂಗಲ್ ಸಾಹೇಬರ ತಾಯಿಗೆ ಹೊಸದಾಗಿ ಕಾಗದ ಬರೆಯೋಣ. ವಿಟ್ಲಿ ಸಾಹೇಬರ ಪುಸ್ತಕಕ್ಕೂ ಒಂದು ಪ್ರತಿ ಹೋಗಲಿ. ನಾನು ಇಟ್ಟೆ, ನೀವು ತೆಗೆದಿರಿ, ಎರಡೂ ಇರಲಿ, ಇಬ್ಬರ ರುಜುವೂ ಇರಲಿ. ಇಂಗ್ಲಿಷಿನಲ್ಲಿ ನೀವು ಬರೆದದ್ದನ್ನು ಸೇತುರಾಮರಿಂದ ಒಂದು ಸಲ ಓದಿಸಿ ಕೇಳಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪೋಸ್ಟಿಗೆ ಮಾತ್ರ ನಾನೇ ಹಾಕುತ್ತೇನೆ.

ಕೆಂಚಪ್ಪ